ಬಚ್ಚಲ ಗೂಡಿನ ಮದ್ದು

ಜೇವರ್ಗಿಯಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಬೆಳಿಗ್ಗೆ ತಡವಾಗಿಯೇ ಏಳುತ್ತೇನೆ. ರಜೆ ಎಂದರೆ ಅದೇ ತಾನೆ? ಆದರೆ ಈ ಸಲ ಒಂದು ವಾಸನೆ ನನ್ನನ್ನು ಎಬ್ಬಿಸಿತು. ಗೀಸರ್ ಕೆಟ್ಟಿತ್ತಂತೆ. ಭಾವ ಹಿತ್ತಲಲ್ಲಿದ್ದ ಹಳೆಯ ಹಂಡೆಗೆ ನೀರು ತುಂಬಿ, ತೊಗರಿ ಕಟ್ಟಿಗೆ ಒಟ್ಟಿ ಉರಿ ಹಚ್ಚಿದ್ದರು. ಒಣಗಿದ ತೊಗರಿ ಕಟ್ಟಿಗೆ ಉರಿಯುವಾಗ ಬರುವ ಆ ಕಮಟು ಹೊಗೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಾನು ಮೂಗು ಮುಚ್ಚಿಕೊಂಡು ಎದ್ದು ಕೂತೆ. "ಏನಾತ ಬೇ, ಮಾರಿ ಯಾಕ ಹಂಗ ಮಾಡ್ದಿ?" ಎಂದು ಅಕ್ಕ ಕೇಳಿದಳು. ಪಿತ್ತ ಅಂದೆ. ಪಿತ್ತ ಎಲ್ಲಿಯದು... ಆಳಂದದ ಆಯಿಯ ಬಚ್ಚಲಮನೆ ಕಣ್ಣ ಮುಂದೆ ಬಂದು ನಿಂತಿತ್ತು.

ಆಯಿ ನನ್ನ ಅಜ್ಜಿಯಲ್ಲ, ನಾನು ಬಾಡಿಗೆಗಿದ್ದ ಮನೆಯ ಮಾಲಕಿ. ನಾನು ನಿಂಬರ್ಗಾದ ಹುಡುಗಿ. ಔಷಧದ ಡಿಪ್ಲೊಮಾ ಮುಗಿಸಿ ಆಳಂದದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ, ಒಂಟಿ ಹುಡುಗಿಗೆ ಕೋಣೆ ಕೊಡಲು ಯಾರೂ ತಯಾರಿರಲಿಲ್ಲ. ಆಯಿ ಮಾತ್ರ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, "ಸೊಟ್ಟ ಮಾರಿ ಮಾಡ್ಕೊಂಡು ನಿಂದ್ರಬ್ಯಾಡ, ಒಳಗ ಬಾ. ಊಟ ಆಗ್ಯಾದಿಲ್ಲೊ?" ಎಂದಿದ್ದರು. ನನ್ನ ಮುಖ ಹುಟ್ಟಿದಾಗಿನಿಂದಲೂ ಸೊಟ್ಟವೇ ಎಂದು ನಾನು ಹೇಳಿದೆ. ಅವರು ಮೈ ಕುಲುಕಿಸಿ ನಕ್ಕರು. ಅಂದಿನಿಂದ ಹೊರಗಿನ ಕೋಣೆಯೂ ಅದಕ್ಕೆ ಅಂಟಿದ ಸಣ್ಣ ಬಚ್ಚಲೂ ನನ್ನವಾದವು. ದಿನಾ ಬೆಳಿಗ್ಗೆ ಎರಡು ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ನನ್ನ ಬಾಗಿಲಿಗೆ ಬರುತ್ತಿದ್ದವು. ಬೈಗುಳವೂ ಅವುಗಳ ಜೊತೆಗೇ ಬರುತ್ತಿತ್ತು.

ಮನೆಯಲ್ಲಿ ಅವರ ಮಗಳು ಮತ್ತು ಮೊಮ್ಮಗಳು ಪಿಂಕಿ ಇದ್ದರು. ಮಗಳು ಮಾದನಹಿಪ್ಪರಗಾದ ಶಾಲೆಯಲ್ಲಿ ಮಾಸ್ತರಿಣಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ಅಳಿಯನಿಗೆ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ನುರಿಯುವ ಕಾಲದಲ್ಲಿ ಅವನು ಮನೆಗೆ ಬರುತ್ತಿದ್ದದ್ದೇ ಅಪರೂಪ. ಹೀಗಾಗಿ ಪಿಂಕಿಯನ್ನು ಸಾಕಿದವರು ಆಯಿಯೇ. ಮಾತು ಬಲ್ಲ ಮಗು ಅದು, ಬಾಯಿ ಬಿಟ್ಟರೆ ಪಟಾಕಿ. ನನ್ನನ್ನು "ಗುಳಿಗಿ ಅಕ್ಕಾ" ಎಂದು ಕರೆಯುತ್ತಿತ್ತು.

ಆ ಮಗುವಿಗೆ ಜ್ವರ ಏರಿದರೆ ಫಿಟ್ಸು ಬರುತ್ತಿದ್ದವು. ಮೊದಲ ಸಲ ಬಂದಾಗ ನಾನಿನ್ನೂ ಆ ಮನೆಗೆ ಹೋಗಿರಲಿಲ್ಲ. ಆಯಿ ಮಗುವಿನ ಕೈಗೆ ಕಬ್ಬಿಣದ ಕೀಲಿ ಕೊಟ್ಟರಂತೆ, ಮೂಗಿಗೆ ಉಳ್ಳಾಗಡ್ಡಿ ಹಿಡಿದರಂತೆ. ಎರಡನೆಯ ಸಲ ಬಂದಾಗ ಕಲಬುರಗಿಯ ಮಕ್ಕಳ ಡಾಕ್ಟರು ಒಂದು ಸಪೊಸಿಟರಿ ಬರೆದುಕೊಟ್ಟರು. ಸೆಳೆತ ಶುರುವಾದ ಕೂಡಲೇ ಇದನ್ನು ಇಡಬೇಕು, ಇಟ್ಟು ಆಸ್ಪತ್ರೆಗೆ ಓಡಬೇಕು, ಆಸ್ಪತ್ರೆ ಮುಟ್ಟುವ ತನಕ ಮಗುವನ್ನು ಕಾಯುವುದು ಇದೇ, ಎಂದು ಹೇಳಿ ಕಳಿಸಿದ್ದರು.

ಸಪೊಸಿಟರಿ ಅಂದರೆ ಅರ್ಧ ಊರಿಗೆ ತಿಳಿಯುವುದಿಲ್ಲ, ತಿಳಿದ ಇನ್ನರ್ಧ ಊರು ತಲೆ ತಗ್ಗಿಸುತ್ತದೆ. ನಮ್ಮ ಅಂಗಡಿಯಲ್ಲಿ ಅದನ್ನು ಕೇಳಲು ಬಂದವರು ಮೊದಲು ಕ್ರೋಸಿನ್ ಕೇಳುತ್ತಿದ್ದರು, ಆಮೇಲೆ ಸೋಪು ಕೇಳುತ್ತಿದ್ದರು, ಬೇರೆ ಗಿರಾಕಿಗಳು ಹೋದ ಮೇಲೆ ಚೀಟಿಯನ್ನು ನನ್ನತ್ತ ಸರಿಸುತ್ತಿದ್ದರು. ಬೆರಳ ತುದಿಯಷ್ಟು ಇರುವ, ಒಂದು ಕಡೆ ಚೂಪಾದ ಗುಳಿಗೆ. ಮೇಣದಂಥ ಕೊಬ್ಬಿನಲ್ಲಿ ಮದ್ದು ಕಲಸಿ ಪ್ಲಾಸ್ಟಿಕ್ ಅಚ್ಚಿನಲ್ಲಿ ಹೊಯ್ದಿರುತ್ತಾರೆ. ಬಾಯಿಯಿಂದ ನುಂಗುವಂಥದ್ದಲ್ಲ, ಗುದದ್ವಾರದಲ್ಲಿ ಇಡುವಂಥದ್ದು. ಮೈಯ ಕಾವಿಗೆ ಕರಗಿ ಒಳಗಿಂದೊಳಗೇ ರಕ್ತಕ್ಕೆ ಸೇರುತ್ತದೆ. ಮೈಯ ಕಾವಿಗೇ ಕರಗುವ ವಸ್ತು ಆಳಂದದ ಬೇಸಿಗೆಯಲ್ಲಿ ಉಳಿಯುತ್ತದೆಯೇ? ಅದಕ್ಕೇ ಅದು ಕಲಬುರಗಿಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬರುತ್ತಿತ್ತು. ಬಂದ ತಕ್ಷಣ ನಾನು ಅದನ್ನು ಅಂಗಡಿಯ ಫ್ರಿಜ್ಜಿಗೆ ಸೇರಿಸುತ್ತಿದ್ದೆ.

ಆಯಿಗೆ ನಾನೇ ತಂದುಕೊಟ್ಟು, ಹೇಗೆ ಇಡಬೇಕೆಂದು ಹೇಳಿದೆ. ಅವರು ಸೆರಗನ್ನು ಬಾಯಿಗೆ ಹಿಡಿದು ಕೇಳಿದರು.

"ಅಲ್ಲ ತಂಗಿ, ದೇವರು ಬಾಯಿ ಅಂತ ಒಂದು ಕೊಟ್ಟಾನ. ಈ ಹೊಲಸು ದಾರಿ ಯಾಕ?"

"ಝಟಕಾ ಬಂದಾಗ ಬಾಯಿ ಕಚಗೊಂಡಿರತದ ಆಯಿ. ಏನೂ ಹಾಕಾಕ ಬರಂಗಿಲ್ಲ. ಹಾಕಿದ್ರ ಉಸಿರಿಗೆ ಅಡ್ಡ ಆಗತದ. ಆವಾಗ ಇದೊಂದೇ ದಾರಿ."

"ಖರೇನೂ?"

"ಖರೇರಿ. ಆದ್ರ ಫ್ರಿಜ್ಜಿನಾಗೇ ಇರಬೇಕು. ಹೊರಗ ಇಟ್ರ ಎಣ್ಣಿ ಆಗತದ."

"ಹೌದವ್ವ. ಇಡ್ತೇನಿ," ಎಂದರು ಆಯಿ. ಅವರ ಮುಖ ಮಾತ್ರ ಹುಳಿ ಕಚ್ಚಿದ ಹಾಗಾಗಿತ್ತು. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಪಿಂಕಿ ಪಕ್ಕದಲ್ಲೇ ಕೂತು ತನ್ನ ಅರಿವೆಯ ಗೊಂಬೆಯನ್ನು ಬೋರಲು ಹಾಕಿ, "ಅಳಬ್ಯಾಡ, ತಂಪ ಅದ" ಎಂದು ಸಮಾಧಾನ ಮಾಡುತ್ತಿತ್ತು.

ಆ ಫ್ರಿಜ್ಜಿನ ಬಗ್ಗೆ ಹೇಳಬೇಕು. ಕೆಂಪು ಬಣ್ಣದ್ದು. ಬಾಗಿಲಿಗೆ ಅರಿಶಿಣ ಕುಂಕುಮದ ಬೊಟ್ಟು. ದೇವರ ಹಾಲು ಅದರಲ್ಲೇ, ನೈವೇದ್ಯದ ಮೊಸರು ಅದರಲ್ಲೇ, ಪೂಜೆಯ ಜಗಲಿಯ ಮೇಲಿನ ಹಿತ್ತಾಳೆ ದೇವರಿಗೆ ಏರಿಸುವ ಹೂವೂ ಅದರಲ್ಲೇ. ಆಯಿಯ ಲೆಕ್ಕದಲ್ಲಿ ಆ ಫ್ರಿಜ್ಜು ಅಡುಗೆಮನೆಗಿಂತ ಹೆಚ್ಚಾಗಿ ದೇವರಕೋಣೆಗೆ ಸೇರಿದ್ದು. ಮುಟ್ಟಾದ ದಿನಗಳಲ್ಲಿ ನಾನು ಅದರ ಹಿಡಿಕೆ ಮುಟ್ಟುವಂತಿರಲಿಲ್ಲ. ಮೊಟ್ಟೆ ತಿನ್ನುವ ಅಳಿಯನೂ ಮುಟ್ಟುವಂತಿರಲಿಲ್ಲ. ಅಂಥ ಫ್ರಿಜ್ಜಿನೊಳಗೆ, ದೇವರ ಹಾಲಿನ ಪಕ್ಕದಲ್ಲಿ, ನಾನು ಆ ಗುಳಿಗೆ ಇಡಿಸಿದ್ದೆ.

ಮುಂದಿನದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಆಯಿಯ ಬಾಯಿಂದಲೇ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಆಟ ಆಡಿಸುವಂಥ ಸಂಗತಿಯಲ್ಲ ಇದು. ಆಯಿ ನನಗೆ ಸುಳ್ಳು ಹೇಳಿರಲಿಲ್ಲ. ತಮ್ಮದೇ ಒಂದು ದಾರಿ ಹುಡುಕಿಕೊಂಡಿದ್ದರು. ಬೆಳಗಾಗೆದ್ದು, ಮಗಳು ಬಸ್ಸಿಗೆ ಹೋದ ಮೇಲೆ, ಮಡಿ ಉಡುವ ಮೊದಲು ಆ ಗುಳಿಗೆಯ ಡಬ್ಬಿಯನ್ನು ಫ್ರಿಜ್ಜಿನಿಂದ ಹೊರಗೆ ತೆಗೆಯುತ್ತಿದ್ದರು. ಅಂಥ ವಸ್ತುವನ್ನು ಅಡುಗೆಮನೆಯಲ್ಲಿ ಇಡಲು ಬಾರದು, ಮಲಗುವ ಕೋಣೆಯಲ್ಲಿ ದೇವರ ಪಟಗಳಿವೆ. ಹಾಗಾಗಿ ಹಿತ್ತಲಿನ ಬಚ್ಚಲಮನೆಯ ಗೋಡೆಯ ಗೂಡಿನಲ್ಲಿ, ಸೀಗೆಪುಡಿಯ ಪಕ್ಕ ಇಡುತ್ತಿದ್ದರು. ಪೂಜೆ ಆಗಿ, ನೈವೇದ್ಯ ಆಗಿ, ಎಲ್ಲ ಮುಗಿದ ಮೇಲೆ ಮತ್ತೆ ಫ್ರಿಜ್ಜಿಗೆ. ಆ ಗೂಡಿನ ಕೆಳಗೇ ಹಂಡೆಯ ಒಲೆ. ದಿನಾ ಬೆಳಿಗ್ಗೆ ತೊಗರಿ ಕಟ್ಟಿಗೆಯ ಉರಿ.

ಪ್ರತಿ ಮುಂಜಾನೆ ಅದು ಕರಗುತ್ತಿತ್ತು, ಪ್ರತಿ ಮಧ್ಯಾಹ್ನ ಮತ್ತೆ ಗಟ್ಟಿಯಾಗುತ್ತಿತ್ತು. ಪ್ಲಾಸ್ಟಿಕ್ ಅಚ್ಚಿನೊಳಗೇ ಕರಗಿ ಅಚ್ಚಿನೊಳಗೇ ಹೆಪ್ಪುಗಟ್ಟುವ ವಸ್ತು, ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಕರಗಿದಾಗ ಮದ್ದು ಮಾತ್ರ ತಳಕ್ಕೆ ಇಳಿಯುತ್ತದೆ. ಸಂಜೆ ನಾನು ಅಂಗಡಿಯಿಂದ ಬಂದು ಫ್ರಿಜ್ಜು ತೆಗೆದರೆ ಡಬ್ಬಿ ತನ್ನ ಜಾಗದಲ್ಲಿ, ಕಲ್ಲಿನ ಹಾಗೆ ತಣ್ಣಗೆ ಕೂತಿರುತ್ತಿತ್ತು.

ಒಂದು ಸಂಜೆ ಸುಮ್ಮನೆ ಡಬ್ಬಿಯಿಂದ ಗುಳಿಗೆಯ ಪಟ್ಟಿ ತೆಗೆದು ಬೆಳಕಿಗೆ ಹಿಡಿದೆ. ಗುಳಿಗೆಯ ಒಂದು ಮಗ್ಗುಲು ಬೆಳ್ಳಗಾಗಿತ್ತು, ಉಳಿದದ್ದು ಹಳದಿಗೆ ತಿರುಗಿತ್ತು. ಆಯಿಯನ್ನು ಕೂಗಿದೆ.

"ಆಯಿ, ಇದನ್ನ ಹೊರಗ ತಗದಿದ್ರೇನ್ರಿ?"

"ನೋಡಲ್ಲ, ಫ್ರಿಜ್ಜಿನಾಗೇ ಅದ. ನಿನ್ನ ಕಣ್ಣಿಗೆ ಕಾಣಾಕತ್ತಿಲ್ಲೇನು?"

ಕಾಣುತ್ತಿತ್ತು, ನಿಜ. ಕರೆಂಟು ಹೋದಾಗ ಹೀಗಾಗಿರಬೇಕು ಎಂದುಕೊಂಡೆ. ಆ ವರ್ಷ ಕರೆಂಟು ಬರುವುದೂ ಹೋಗುವುದೂ ಅದರ ಮರ್ಜಿ. ಕಳಿಸುವವರೇ ಬಿಸಿಲಲ್ಲಿಟ್ಟು ಕಳಿಸಿದರೇನೋ ಎಂದು ಏಜೆಂಟನಿಗೆ ಫೋನ್ ಮಾಡಿ ಜಗಳವನ್ನೂ ಆಡಿದೆ. ಅವನು ಪಾಪ, "ಮೇಡಂ, ಆಣಿ ಮಾಡ್ತೇನ್ರಿ" ಎನ್ನುತ್ತಿದ್ದ. ಹೊಸ ಪಟ್ಟಿ ತಂದಿಟ್ಟೆ. ಕೆಲವೇ ದಿನಗಳಲ್ಲಿ ಅದೂ ಹಾಗೇ ಆಯಿತು. ಮತ್ತೊಂದು ತಂದಿಟ್ಟೆ. ಪಿಂಕಿ ಅಂಗಳದಲ್ಲಿ ಕುಣಿಯುತ್ತಿತ್ತು, ಬಿಸಿಲು ದಿನದಿನಕ್ಕೆ ಏರುತ್ತಿತ್ತು. ನನಗೆ ಮಾತ್ರ ಆ ಮನೆಯಲ್ಲಿ ಏನೋ ಸರಿಯಿಲ್ಲ ಎನ್ನಿಸುತ್ತಿತ್ತು. ಏನೆಂದು ಕೈಗೆ ಸಿಗುತ್ತಿರಲಿಲ್ಲ... ಆಯಿಯನ್ನು ಅನುಮಾನಿಸಲು ಮನಸ್ಸೇ ಬರಲಿಲ್ಲ. ಆ ಮಗುವಿನ ಉಗುರು ಕತ್ತರಿಸುವಾಗಲೂ ಎಲ್ಲಿ ತಾಗೀತೋ ಎಂದು ಅಂಜುವ ಮುದುಕಿ ಅವರು.

ಉಗಾದಿಯ ಹಿಂದಿನ ದಿನ ಪಿಂಕಿಗೆ ಮೈ ಬೆಚ್ಚಗಾಯಿತು. ಮಗಳಿಗೆ ಹಬ್ಬದ ರಜೆ, ಮನೆಯಲ್ಲೇ ಇದ್ದಳು. ಜ್ವರದ ಔಷಧ ಕುಡಿಸಿದೆವು, ಇಳಿಯಿತು. ಮಗಳು ಫ್ರಿಜ್ಜು ತೆಗೆದು ಡಬ್ಬಿ ಇದೆಯೋ ಇಲ್ಲವೋ ನೋಡಿಕೊಂಡಳು. ಇತ್ತು. ಸಮಾಧಾನವಾಗಿ ಮಲಗಿದಳು.

ಉಗಾದಿಯ ಬೆಳಿಗ್ಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ. ಹಂಡೆಯ ಕೆಳಗೆ ಮಾಮೂಲಿಗಿಂತ ಜೋರು ಉರಿ. ಫ್ರಿಜ್ಜಿನಲ್ಲಿ ಹೋಳಿಗೆಯ ಹೂರಣ, ಬೇವು ಬೆಲ್ಲಕ್ಕೆ ಹಾಲು. ಹಬ್ಬದ ದಿನ ಬೇರೆ, ಕೇಳಬೇಕೇ? ಆಯಿ ಯಾವತ್ತಿನ ಹಾಗೆಯೇ, ಮಗಳು ಏಳುವ ಮೊದಲೇ, ಡಬ್ಬಿಯನ್ನು ಬಚ್ಚಲ ಗೂಡಿಗೆ ಸಾಗಿಸಿದ್ದರು. ಆಮೇಲೆ ಮಿಂದು, ಮಡಿಯುಟ್ಟು, ಪೂಜೆಗೆ ಕೂತಿದ್ದರು. ಪೂಜೆಗೆ ಕೂತರೆ ಆರತಿ ಆಗುವ ತನಕ ಆಯಿ ತುಟಿ ಬಿಚ್ಚುತ್ತಿರಲಿಲ್ಲ. ಬೆಂಕಿ ಬಿದ್ದರೂ ಸನ್ನೆಯಲ್ಲೇ ಮಾತು.

ನಾನು ನನ್ನ ಕೋಣೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ. ಮಗಳ ಕೂಗು ಕೇಳಿತು.

"ಅವ್ವಾ! ಝಟಕಾ ಬಂದಾವ ಅವ್ವಾ! ಡಬ್ಬಿ ಎಲ್ಲದ? ಫ್ರಿಜ್ಜಿನಾಗ ಇಲ್ಲಲ್ಲ!"

ಓಡಿ ಒಳಗೆ ಹೋದೆ. ಮಗಳು ಫ್ರಿಜ್ಜಿನ ಮುಂದೆ ಕೂತು ಹೂರಣದ ಪಾತ್ರೆ, ಹಾಲಿನ ಪಾತ್ರೆ ಎಲ್ಲ ನೆಲಕ್ಕೆ ಇಳಿಸುತ್ತಿದ್ದಳು. ಚಾಪೆಯ ಮೇಲೆ ಪಿಂಕಿ... ಅದನ್ನು ಬರೆಯಲಾರೆ. ಜಗಲಿಯ ಮುಂದೆ ಆಯಿ ಕೈಯಲ್ಲಿ ಗಂಟೆ ಹಿಡಿದುಕೊಂಡು ಎದ್ದು ನಿಂತಿದ್ದರು. ಬಾಯಿ ಮುಚ್ಚಿಯೇ ಇತ್ತು. ಕೈಯನ್ನು ಹಿತ್ತಲ ಕಡೆ ಬೀಸಿ ಬೀಸಿ ತೋರಿಸುತ್ತಿದ್ದರು. ನಮಗಿಬ್ಬರಿಗೂ ಏನೂ ತಿಳಿಯಲಿಲ್ಲ. ಡಾಕ್ಟರನ್ನು ಕರೆಯಲು ಹೇಳುತ್ತಿದ್ದಾರೆಯೇ, ನೀರು ತರಲು ಹೇಳುತ್ತಿದ್ದಾರೆಯೇ? "ಏನವ್ವಾ? ಬಾಯಿ ಬಿಟ್ಟು ಹೇಳಽ!" ಎಂದು ಮಗಳು ಚೀರಿದಳು. ಆಗ ಆಯಿಯ ಕೈಯಿಂದ ಗಂಟೆ ಬಿತ್ತು.

"ಬಚ್ಚಲದಾಗ ಅದ! ಗೂಡಿನಾಗ ಅದ, ಓಡಽ!"

ನಾನು ಓಡಿದೆ. ಬಚ್ಚಲ ತುಂಬ ಹೊಗೆ. ಗೂಡಿಗೆ ಕೈ ಹಾಕಿದರೆ ಡಬ್ಬಿ ಬಿಸಿಯಾಗಿತ್ತು. ಪಟ್ಟಿ ತೆಗೆದೆ. ಒಳಗೆ ಗುಳಿಗೆ ಎಂಬುದೇ ಇರಲಿಲ್ಲ. ಬೆಳಕಿಗೆ ಹಿಡಿದರೆ ಎಣ್ಣೆ ಅತ್ತಿತ್ತ ಓಡಾಡುತ್ತಿತ್ತು. ತಣ್ಣೀರಿನ ಕೊಡದಲ್ಲಿ ಅದ್ದಿ ಹಿಡಿದೆ. ಗಟ್ಟಿಯಾಗು ಗಟ್ಟಿಯಾಗು ಎಂದು ಬಾಯಲ್ಲಿ ಅನ್ನುತ್ತಿದ್ದೆನಂತೆ, ಆಮೇಲೆ ಮಗಳು ಹೇಳಿದಳು. ಅದು ಗಟ್ಟಿಯಾಗುವ ತನಕ ಕಾಯಲು ಆ ಮಗುವಿಗೆ ಹೊತ್ತಿತ್ತೇ? ಚಾಪೆಯ ಬಳಿ ಓಡಿ ಬಂದು ಅಚ್ಚು ಒಡೆದೆ. ಮಗುವಿನ ಮೈಯೊಳಗೆ ಹೋಗಬೇಕಾದ ಮದ್ದು ನನ್ನ ಮಣಿಕಟ್ಟಿನ ಮೇಲೆ ಹರಿಯಿತು. ಇನ್ನೊಂದನ್ನು ಆಯಿ ನನ್ನ ಕೈಯಿಂದ ಕಸಿದುಕೊಂಡರು. ಮಡಿಯ ರೇಷ್ಮೆ ಸೀರೆಯಲ್ಲಿ ಚಾಪೆಯ ಮೇಲೆ ಮೊಣಕಾಲೂರಿ, ಹೊಲಸೆಂದು ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದ ಅದೇ ಮುದುಕಿ, ತಮ್ಮ ಬೆರಳಿನಿಂದಲೇ ಆ ಎಣ್ಣೆಯನ್ನು ಒಳಗೆ ಸೇರಿಸಲು ಹೆಣಗಿದರು. ಎಣ್ಣೆ ಒಳಗೆ ನಿಲ್ಲಲಿಲ್ಲ, ಸೆಳೆತವೂ ನಿಲ್ಲಲಿಲ್ಲ.

ಎದುರು ಮನೆಯವರ ಜೀಪಿನಲ್ಲಿ ತಾಲೂಕು ದವಾಖಾನೆಗೆ ಒಯ್ದೆವು. ಇಂಜೆಕ್ಷನ್ ಕೊಟ್ಟು ಕಲಬುರಗಿಗೆ ಕಳಿಸಿದರು. ದಾರಿಯುದ್ದಕ್ಕೂ ಆಯಿ ಮಗುವಿನ ಪಾದ ಹಿಡಿದುಕೊಂಡು, "ಪಿಂಕಿ, ಗುಳಿಗಿ ಅಕ್ಕಾ ಬಂದಾಳ ನೋಡು, ಏಳ ಅವ್ವ" ಎನ್ನುತ್ತಿದ್ದರು. ಕಲಬುರಗಿ ಮುಟ್ಟುವ ಮೊದಲೇ ಆ ಪಾದ ತಣ್ಣಗಾಗಿತ್ತು. ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಯಾರಿಗೂ ಹೇಳದೆ ಹಿಡಿದುಕೊಂಡೇ ಕೂತಿದ್ದರು.

ಜ್ವರ ಮೆದುಳಿಗೆ ಏರಿತ್ತು ಎಂದರು ಡಾಕ್ಟರು. ಗುಳಿಗೆ ಸರಿಯಾಗಿದ್ದರೆ ಮಗು ಉಳಿಯುತ್ತಿತ್ತೇ ಎಂದು ಮಗಳು ಕೇಳಿದಳು. ಹೇಳಲಾಗದು, ಉಳಿದರೂ ಉಳಿಯಬಹುದಿತ್ತು ಎಂದರು. ಆ ಮಾತನ್ನು ಆಯಿ ಗೋಡೆಗೆ ಒರಗಿಕೊಂಡು ಕೇಳಿಸಿಕೊಂಡರು. ಮಗಳು ತಾಯಿಯ ಜೊತೆ ಜಗಳವಾಡಲಿಲ್ಲ. ದಿನಕರ್ಮ ಮುಗಿದ ಮೇಲೆ ತನ್ನ ಬಟ್ಟೆಬರೆ ಕಟ್ಟಿಕೊಂಡು ಗಂಡನ ಜೊತೆ ಭೂಸನೂರಿಗೆ ಹೋದಳು, ಅಷ್ಟೇ. ಹೋಗುವಾಗ ತಿರುಗಿ ನೋಡಲಿಲ್ಲ.

ನನಗೆ ಆಯಿಯ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ? ದೇವರ ಹಾಲು ಕೆಡುತ್ತದೆಂದು ಮಗುವಿನ ಮದ್ದು ಕೆಡಿಸಿದವರು. ಹಾಗಂತ ಅವರ ಮುಖ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದರು. ನನ್ನನ್ನು ಬೈಯುವುದನ್ನೂ ಬಿಟ್ಟಿದ್ದರು. ಇಡೀ ಮನೆ ಕಿವಿಗೊಟ್ಟು ಏನನ್ನೋ ಕೇಳುತ್ತಿರುವ ಹಾಗೆ ಸುಮ್ಮನಿರುತ್ತಿತ್ತು. ನನಗೆ ಅಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಕಲಬುರಗಿಯ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಸಿಕ್ಕಿತು, ಹೊರಟುಬಿಟ್ಟೆ.

ಮರುವರ್ಷ ಬೇಸಿಗೆಯಲ್ಲಿ ಊರಿಗೆ ಹೋಗುವಾಗ, ಮನಸ್ಸು ತಡೆಯದೆ ಆಳಂದದಲ್ಲಿ ಇಳಿದೆ. ಬಾಗಿಲು ತೆರೆದೇ ಇತ್ತು. ಹಿತ್ತಲಿಂದ ಅದೇ ಹೊಗೆ. ಆಯಿ ಬಚ್ಚಲಮನೆಯಲ್ಲಿ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಲೆಗೆ ಕಟ್ಟಿಗೆ ನೂಕುತ್ತಿದ್ದರು. ಹಂಡೆಯಲ್ಲಿ ನೀರಿರಲಿಲ್ಲ. ತಳ ಕೆಂಪಗೆ ಕಾದಿತ್ತು. ತಲೆಯೆತ್ತಿ ಗೂಡಿನ ಕಡೆ ನೋಡಿದೆ. ಜಗಲಿಯ ಮೇಲಿದ್ದ ಹಿತ್ತಾಳೆಯ ದೇವರುಗಳೆಲ್ಲ ಆ ಗೂಡಿನಲ್ಲಿ ಸಾಲಾಗಿ ಕೂತಿದ್ದರು. ಹೊಗೆ ಹಿಡಿದು ಇದ್ದಿಲಿನಂತಾಗಿದ್ದರು.

"ಆಯಿ... ಏನ್ರಿ ಇದು?"

ಅವರು ನನ್ನನ್ನು ಗುರುತು ಹಿಡಿದರು. ಮುಖದಲ್ಲಿ ನಗು ಬರಲಿಲ್ಲ, ಅಳುವೂ ಬರಲಿಲ್ಲ.

"ಅಲ್ಲೇ ಇರ್ಲಿ ತಂಗಿ. ನನ್ನ ಕೂಸಿನ ದವಾ ತಡಕೊಂಡ ಕಾವು, ಅವನೂ ಒಂದೀಟು ತಡಕೊಳ್ಳಲಿ."

ಹೀಗೆ ಹೇಳಿ ಇನ್ನೊಂದು ಹಿಡಿ ಕಟ್ಟಿಗೆ ಒಲೆಗೆ ನೂಕಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬರುವಾಗ ದೇವರ ಜಗಲಿ ಕಣ್ಣಿಗೆ ಬಿತ್ತು. ಖಾಲಿಯಾಗಿತ್ತು, ಆದರೆ ಗುಡಿಸಿ ಒರೆಸಿ ಇಟ್ಟಿದ್ದರು. ಅದರ ಮೇಲೆ ಪಿಂಕಿಯ ಒಂದು ಫೋಟೋ ಕೂಡ ಇರಲಿಲ್ಲ.  ಅವರನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಆಯಿ ಹೋದರು. ಮಣ್ಣಿಗೆ ನಾನು ಹೋಗಲಿಲ್ಲ. ಸುದ್ದಿ ಬಂದಾಗ ಔಷಧಾಲಯದ ಒಳಗಿನ ಕೋಣೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸಿಟ್ಟಿದ್ದವರ ಮೇಲೆ ಇಷ್ಟೊಂದು ಜೀವ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ಬೈದು ಊಟಕ್ಕೆ ಕರೆಯುವವರು ಆಮೇಲೆ ನನಗೆ ಯಾರೂ ಸಿಗಲಿಲ್ಲ.

ಜೇವರ್ಗಿಯಿಂದ ಬಂದ ಮರುದಿನ ಡ್ಯೂಟಿಯಲ್ಲಿದ್ದೆ. ಅಫಜಲಪುರ ಕಡೆಯ ಒಬ್ಬ ಎಂಜಿನಿಯರ್, ಅವನ ಹೆಂಡತಿ, ಹೆಗಲ ಮೇಲೆ ಮಗು, ಹಿಂದೆ ಅವನ ತಾಯಿ, ಹೀಗೆ ಬಂದರು. ಚೀಟಿ ನೋಡಿದೆ. ಅದೇ ಮದ್ದು. ಫ್ರಿಜ್ಜಿನಿಂದ ತೆಗೆದು ತಂದೆ, ಆದರೆ ಅವನ ಕೈಗೆ ಕೊಡಲಿಲ್ಲ.

"ನಿಮ್ಮ ಮನ್ಯಾಗ ಪೂಜಾ ಯಾರು ಮಾಡ್ತಾರ್ರಿ?"

ಅವನು ನಕ್ಕ. "ನಮ್ಮವ್ವ ಮಾಡ್ತಾಳ್ರಿ. ಯಾಕ್ರಿ ಮೇಡಂ?"

ತಾಯಿಯನ್ನು ಮುಂದಕ್ಕೆ ಕರೆದೆ. ಎಲ್ಲ ಹೇಳಿದೆ. ಆಳಂದದ ಆಯಿಯ ಕತೆಯನ್ನೂ, ಊರು ಹೇಳದೆ, ಬಿಡಿಸಿ ಬಿಡಿಸಿ ಹೇಳಿದೆ. ಸೊಸೆಯ ಕಣ್ಣಲ್ಲಿ ನೀರು ಬಂತು. ಆ ಹಿರಿಯ ಹೆಂಗಸು ಗಮನವಿಟ್ಟು ಕೇಳಿದರು, ಗೋಣು ಹಾಕಿದರು.

"ತಿಳೀತೇನ್ರಿ ಅವ್ವ? ಹಬ್ಬ ಇರ್ಲಿ, ಮಡಿ ಇರ್ಲಿ, ಇದು ಫ್ರಿಜ್ಜಿನಾಗೇ ಇರಬೇಕು."

"ಹೌದವ್ವ. ಅಲ್ಲೇ ಇಡ್ತೇನಿ," ಎಂದರು ಅವರು.

ಹೀಗೆ ಹೇಳಿ, ಅಂಗೈಯನ್ನು ಸೆರಗಿನಿಂದ ಮುಚ್ಚಿಕೊಂಡು, ಬರಿಗೈ ತಾಗದ ಹಾಗೆ, ಡಬ್ಬಿಗೆ ಕೈ ಚಾಚಿದರು. ಅವರ ಹಿಡಿತ ಡಬ್ಬಿಯ ಮೇಲೆ ಬಿತ್ತು. ನನ್ನ ಬೆರಳು ಬಿಡಲೊಲ್ಲದು.